ಟ್ರಾಫಿಕ್‌ನಲ್ಲಿ ಸಾಲುಗಳ ನಡುವೆ ಬೈಕ್ ಓಡಿಸುವುದು ಅಪಾಯವೇ, ಉಪಾಯವೇ?

ಪ್ರಶ್ನೆ: ಹಲವು ವರ್ಷ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದೆ. ಕಚೇರಿಗೆ ಬೈಕ್‌ನಲ್ಲೇ ಹೋಗುತ್ತಿದ್ದೆ. 101ನೇ ಹೆದ್ದಾರಿಯಲ್ಲಿ ವಾಹನಗಳು ನಿಂತುಬಿಟ್ಟರೆ ಎರಡು ಸಾಲುಗಳ ನಡುವಿನ ಜಾಗದಲ್ಲಿ ಮುಂದೆ ಸಾಗುವುದು ಅಭ್ಯಾಸವಾಗಿತ್ತು. ಅಲ್ಲಿ ಅದು ಕಾನೂನುಬದ್ಧ. ಈಗ ಟೆಕ್ಸಾಸ್‌ನ ಆಸ್ಟಿನ್‌ಗೆ ಬಂದಿದ್ದೇನೆ. ಇಲ್ಲಿ ಹಾಗೆ ಮಾಡುವಂತಿಲ್ಲ. ಬೇಸಿಗೆಯಲ್ಲಿ ಐ-35 ಹೆದ್ದಾರಿಯ ಮೇಲೆ, ಗಾಳಿಯಿಂದಲೇ ತಣ್ಣಗಾಗಬೇಕಾದ ಎಂಜಿನ್ ಕಾಲಿನ ಕೆಳಗೆ ಕುದಿಯುತ್ತಿರುವಾಗ, ಹಿಂದಿನಿಂದ ಯಾವ ಟ್ರಕ್ ಬಂದು ಗುದ್ದುತ್ತದೋ ಎಂದು ಕನ್ನಡಿ ನೋಡುತ್ತಾ ನಿಲ್ಲಬೇಕು. ಇಲ್ಲಿನ ಸವಾರ ಗೆಳೆಯರು "ನಿಲ್ಲುವುದಕ್ಕಿಂತ ನಡುವೆ ಸಾಗುವುದೇ ಸುರಕ್ಷಿತ, ಅಧ್ಯಯನಗಳೇ ಹೇಳಿವೆ" ಎನ್ನುತ್ತಾರೆ. ನನ್ನ ಹೆಂಡತಿ ಇದನ್ನು ಆತ್ಮಹತ್ಯೆ ಎನ್ನುತ್ತಾಳೆ. ಕಾರಿನಲ್ಲಿ ಬರುವ ಸಹೋದ್ಯೋಗಿಗಳ ಕಣ್ಣಿಗೆ ಇದು ಸರದಿ ತಪ್ಪಿಸುವ ದುರಹಂಕಾರ. ನಿಜಕ್ಕೂ ಯಾರು ಸರಿ? ಇದನ್ನು ಎಲ್ಲ ರಾಜ್ಯಗಳಲ್ಲೂ ಕಾನೂನುಬದ್ಧಗೊಳಿಸಬೇಕೇ? ಅಲ್ಲಿಯವರೆಗೆ ನಾನು ಏನು ಮಾಡಲಿ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸಿಬಿಡುತ್ತೇನೆ. ಆಸ್ಟಿನ್‌ನಲ್ಲಿ ಹಾಗೆ ಓಡಿಸಬೇಡಿ. ಕಾನೂನು ಬೇಡವೆನ್ನುತ್ತದೆ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣವೆಂದರೆ, ಸ್ಯಾನ್ ಹೋಸೆಯಲ್ಲಿ ನಿಮ್ಮನ್ನು ಕಾಪಾಡುತ್ತಿದ್ದ ಮುಖ್ಯ ಸಂಗತಿಯೊಂದು ಆಸ್ಟಿನ್‌ನಲ್ಲಿ ಇನ್ನೂ ಇಲ್ಲ, ಮತ್ತು ಅದನ್ನು ನೀವೊಬ್ಬರೇ ತಂದುಕೊಳ್ಳಲು ಸಾಧ್ಯವಿಲ್ಲ. ಅದರ ಬಗ್ಗೆ ಮುಂದೆ ಬರೆಯುತ್ತೇನೆ.

ಬೈಕ್ ಸವಾರರಿಗೆ ತರಬೇತಿ ಕೊಡುವುದು, ಅಪಘಾತದ ವರದಿಗಳನ್ನು ಬಿಡಿಸಿ ನೋಡುವುದು ನನ್ನ ವೃತ್ತಿ. ನಿಮ್ಮಂಥದ್ದೇ ಪ್ರಶ್ನೆ ತರಬೇತಿಗೆ ಬಂದವರಿಂದ ಮತ್ತೆ ಮತ್ತೆ ಬರುತ್ತದೆ. ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಹೆಣೆದುಕೊಂಡಿವೆ. ನಿಂತಲ್ಲೇ ಹಿಂದಿನಿಂದ ಗುದ್ದಿಸಿಕೊಳ್ಳುವ ಭಯ ಒಂದು. ಇಷ್ಟು ವರ್ಷ ಮಾಡಿದ್ದು ಮೂರ್ಖತನವಾಗಿತ್ತೇ ಎಂಬ ಅನುಮಾನ ಇನ್ನೊಂದು. ಎರಡನ್ನೂ ಬೇರೆ ಬೇರೆಯಾಗಿ ನೋಡೋಣ.

ಅದಕ್ಕೆ ಮೊದಲು, ಯಾವುದರ ಬಗ್ಗೆ ಮಾತನಾಡುತ್ತಿದ್ದೇವೆ ಎಂಬುದು ಸ್ಪಷ್ಟವಾಗಿರಲಿ. ಸಿಗ್ನಲ್‌ನಲ್ಲಿ ಪೂರ್ತಿ ನಿಂತಿರುವ ಕಾರುಗಳ ನಡುವೆ ನಡಿಗೆಗಿಂತ ಸ್ವಲ್ಪ ಹೆಚ್ಚಿನ ವೇಗದಲ್ಲಿ ಮುಂದೆ ಬಂದು ನಿಲ್ಲುವುದನ್ನು ಲೇನ್ ಫಿಲ್ಟರಿಂಗ್ ಎನ್ನುತ್ತಾರೆ. ಹೆದ್ದಾರಿಯಲ್ಲಿ ಚಲಿಸುತ್ತಿರುವ ಸಾಲುಗಳ ನಡುವೆ, ಅವುಗಳಿಗಿಂತ ವೇಗವಾಗಿ ಸಾಗುವುದು ಲೇನ್ ಸ್ಪ್ಲಿಟಿಂಗ್. ಒಂದರ ಅಪಾಯಕ್ಕೂ ಇನ್ನೊಂದರ ಅಪಾಯಕ್ಕೂ ಬಹಳ ಅಂತರವಿದೆ. ನಿಮ್ಮ ಗೆಳೆಯರು ಮೊದಲನೆಯದನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡುತ್ತಿರಬಹುದು, ನಿಮ್ಮ ಪತ್ನಿ ಎರಡನೆಯದನ್ನು. ಹಾಗಿದ್ದರೆ ಇಬ್ಬರ ಮಾತಿನಲ್ಲೂ ಹುರುಳಿದೆ.

ಕಾನೂನಿನ ಚಿತ್ರ ಹೀಗಿದೆ. ಕ್ಯಾಲಿಫೋರ್ನಿಯಾದಲ್ಲಿ ಇದು ದಶಕಗಳಿಂದ ನಡೆದುಬಂದಿತ್ತು. ಅದನ್ನು ನಿಷೇಧಿಸುವ ಕಾನೂನೂ ಇರಲಿಲ್ಲ, ಅನುಮತಿಸುವ ಕಾನೂನೂ ಇರಲಿಲ್ಲ. 2016ರಲ್ಲಿ ಎಬಿ 51 ಎಂಬ ಮಸೂದೆಗೆ ಆಗಿನ ಗವರ್ನರ್ ಜೆರ್ರಿ ಬ್ರೌನ್ ಸಹಿ ಹಾಕಿದರು. 2017ರ ಜನವರಿ 1ರಿಂದ ಅದು ಜಾರಿಗೆ ಬಂತು. ಆ ಕಾನೂನಿನಲ್ಲಿ ವೇಗದ ಮಿತಿಯೇ ಇಲ್ಲ ಎಂಬುದು ಹಲವರಿಗೆ ಗೊತ್ತಿಲ್ಲ. ಅದರ ಹಿಂದಿನ ಕರಡೊಂದರಲ್ಲಿ ಸುತ್ತಲಿನ ವಾಹನಗಳಿಗಿಂತ ಗಂಟೆಗೆ 15 ಮೈಲಿಗಿಂತ ಹೆಚ್ಚು ವೇಗವಾಗಿ ಹೋಗಬಾರದು, ಒಟ್ಟು ವೇಗ 50 ಮೈಲಿ ದಾಟಬಾರದು ಎಂದಿತ್ತು. ಅಂತಿಮ ರೂಪದಲ್ಲಿ ಆ ಅಂಕಿಗಳನ್ನು ಕೈಬಿಟ್ಟು, ಸುರಕ್ಷತಾ ಸೂಚನೆಗಳನ್ನು ರೂಪಿಸುವ ಅಧಿಕಾರವನ್ನು ಹೆದ್ದಾರಿ ಪೊಲೀಸರಿಗೆ ಕೊಡಲಾಯಿತು. ನನ್ನ ದೃಷ್ಟಿಯಲ್ಲಿ ಆ ಅಂಕಿಗಳು ಉಳಿಯಬೇಕಿತ್ತು.

ಬೇರೆ ರಾಜ್ಯಗಳು ಹೆಚ್ಚು ಎಚ್ಚರದಿಂದ ಹೆಜ್ಜೆ ಇಟ್ಟವು. ಯೂಟಾ 2019ರಲ್ಲಿ ಫಿಲ್ಟರಿಂಗ್‌ಗೆ ಮಾತ್ರ ಅನುಮತಿ ಕೊಟ್ಟಿತು: ರಸ್ತೆಯ ವೇಗಮಿತಿ ಗಂಟೆಗೆ 45 ಮೈಲಿ ಅಥವಾ ಅದಕ್ಕಿಂತ ಕಡಿಮೆ ಇರಬೇಕು, ಸುತ್ತಲಿನ ವಾಹನಗಳು ನಿಂತಿರಬೇಕು, ಬೈಕ್ 15 ಮೈಲಿ ಮೀರಬಾರದು. ಅರಿಜೋನಾ 2022ರಲ್ಲಿ ಬಹುತೇಕ ಅದನ್ನೇ ಅನುಸರಿಸಿತು. ಮೊಂಟಾನಾ 2021ರಿಂದ ನಿಂತ ವಾಹನಗಳ ಜೊತೆಗೆ ತೀರಾ ನಿಧಾನವಾಗಿ ಚಲಿಸುವ ವಾಹನಗಳ ನಡುವೆಯೂ ಸಾಗಲು ಬಿಟ್ಟಿದೆ, ಬೈಕ್‌ಗೆ 20 ಮೈಲಿಯ ಮಿತಿಯೊಂದಿಗೆ. ಕೊಲೊರಾಡೊದಲ್ಲಿ 2024ರಲ್ಲಿ ಜಾರಿಗೆ ಬಂದ ಕಾನೂನನ್ನು 2027ರಲ್ಲಿ ಕೊನೆಗೊಳ್ಳುವಂತೆ ಬರೆಯಲಾಗಿದೆ. ಮುಂದುವರಿಸಬೇಕೇ ಎಂಬುದನ್ನು ಅಷ್ಟರಲ್ಲಿ ಸಿಗುವ ಅನುಭವ ನೋಡಿ ನಿರ್ಧರಿಸಬೇಕು. ಮಿನ್ನೆಸೋಟದಲ್ಲಿ 2025ರ ಜುಲೈ 1ರಿಂದ ಚಲಿಸುವ ವಾಹನಗಳ ನಡುವೆಯೂ ಅನುಮತಿ ಇದೆ. ಆದರೆ ಬೈಕ್‌ನ ವೇಗ 25 ಮೈಲಿ ಮೀರಬಾರದು, ಸುತ್ತಲಿನವರಿಗಿಂತ 15 ಮೈಲಿಗಿಂತ ಹೆಚ್ಚಿರಬಾರದು. ಆರೆಗಾನ್‌ನಲ್ಲಿ ಶಾಸನಸಭೆ ಒಪ್ಪಿದ ಮಸೂದೆಯನ್ನು 2021ರಲ್ಲಿ ಗವರ್ನರ್ ಕೇಟ್ ಬ್ರೌನ್ ತಡೆದರು. ನಿಮ್ಮ ಟೆಕ್ಸಾಸ್ ಮಾತ್ರ ಎದುರು ದಿಕ್ಕಿಗೆ ಹೋಯಿತು: ಒಂದೇ ದಿಕ್ಕಿಗೆ ಸಾಗುವ ಸಾಲುಗಳ ನಡುವೆ ಬೈಕ್ ಓಡಿಸಬಾರದು ಎಂದು 2023ರ ಸೆಪ್ಟೆಂಬರ್‌ನಿಂದ ಸ್ಪಷ್ಟ ಮಾತುಗಳಲ್ಲಿ ನಿಷೇಧಿಸಿದೆ. ಅದಕ್ಕೆ ಮುಂಚೆ ಟೆಕ್ಸಾಸ್‌ನಲ್ಲಿ ಓಡಿಸಿದವರು "ಕಾನೂನು ಅಸ್ಪಷ್ಟವಾಗಿದೆ" ಎನ್ನುತ್ತಿದ್ದರು. ಆ ಮಾತು ಈಗ ನಿಲ್ಲುವುದಿಲ್ಲ.

ಈಗ ನಿಮ್ಮ ಗೆಳೆಯರು ಹೇಳುವ ಅಧ್ಯಯನಕ್ಕೆ ಬರೋಣ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಥಾಮಸ್ ರೈಸ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ್ದು ಅದು. ಅಪಘಾತಕ್ಕೆ ಸಿಕ್ಕಿದ 5,969 ಸವಾರರ ಪೊಲೀಸ್ ದಾಖಲೆಗಳನ್ನು ಅವರು ನೋಡಿದರು. ಅವರಲ್ಲಿ 997 ಮಂದಿ ಆ ಕ್ಷಣದಲ್ಲಿ ಸಾಲುಗಳ ನಡುವೆ ಸಾಗುತ್ತಿದ್ದರು. ಹೀಗೆ ಸಾಗುತ್ತಿದ್ದವರಲ್ಲಿ ತಲೆಗೆ ಪೆಟ್ಟಾದವರು ಸುಮಾರು ಶೇ. 9, ಉಳಿದವರಲ್ಲಿ ಶೇ. 17. ಸತ್ತವರು ಇವರಲ್ಲಿ ಶೇ. 1.2, ಉಳಿದವರಲ್ಲಿ ಶೇ. 3. ಹಿಂದಿನಿಂದ ಗುದ್ದಿಸಿಕೊಂಡವರ ಪಾಲೂ ಇವರಲ್ಲಿ ಕಡಿಮೆ: ಶೇ. 4.6ರ ಬದಲು ಶೇ. 2.6.

ಈ ಅಂಕಿಗಳು ನಿಜ. ಆದರೆ ಇವುಗಳನ್ನು ಹಿಡಿದು "ನಡುವೆ ಸಾಗುವುದೇ ಸುರಕ್ಷಿತ" ಎನ್ನುವವರು ಒಂದು ಮುಖ್ಯ ವಿಷಯವನ್ನು ಬಿಟ್ಟುಬಿಡುತ್ತಾರೆ. ಇದು ಅಪಘಾತ ಆದವರ ನಡುವಿನ ಹೋಲಿಕೆ. ಅಪಘಾತ ಆದಮೇಲೆ ಪೆಟ್ಟು ಎಷ್ಟು ಗಂಭೀರ ಎಂಬುದನ್ನು ಇದು ಹೇಳುತ್ತದೆ. ಅಪಘಾತ ಆಗುವ ಸಂಭವ ಎಷ್ಟು ಎಂಬುದನ್ನು ಹೇಳುವುದಿಲ್ಲ. ಅದನ್ನು ಹೇಳಬೇಕಾದರೆ ಒಟ್ಟು ಎಷ್ಟು ಮೈಲಿಗಳನ್ನು ಸಾಲುಗಳ ನಡುವೆ ಓಡಿಸಲಾಯಿತು, ಎಷ್ಟನ್ನು ಪಥದೊಳಗೆ ಉಳಿದು ಓಡಿಸಲಾಯಿತು ಎಂಬ ಲೆಕ್ಕ ಬೇಕು. ಆ ಲೆಕ್ಕ ಅಧ್ಯಯನದಲ್ಲಿಲ್ಲ. ಜೊತೆಗೆ, ನಡುವೆ ಸಾಗುತ್ತಿದ್ದವರು ಬಹುಪಾಲು ವಾರದ ದಿನಗಳಲ್ಲಿ ಕಚೇರಿಯ ಹೊತ್ತಿಗೆ ಓಡಾಡುವವರು. ಅವರು ಮದ್ಯ ಸೇವಿಸಿ ಓಡಿಸುತ್ತಿದ್ದುದು ಕಡಿಮೆ, ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ಹಾಕಿದ್ದು ಹೆಚ್ಚು, ಅವರ ವೇಗವೂ ಕಡಿಮೆ. ಅಂದಮೇಲೆ ಅವರಿಗೆ ಕಡಿಮೆ ಪೆಟ್ಟಾಗಿದ್ದರ ಶ್ರೇಯಸ್ಸನ್ನೆಲ್ಲ ಸಾಲುಗಳ ನಡುವಿನ ಜಾಗಕ್ಕೆ ಕೊಡಲಾಗದು.

ಅದೇ ಅಧ್ಯಯನದ ಇನ್ನೊಂದು ಅಂಕಿಯನ್ನು ಗೆಳೆಯರು ನಿಮಗೆ ಹೇಳಿರಲಿಕ್ಕಿಲ್ಲ. ಮುಂದಿನ ವಾಹನಕ್ಕೆ ತಾವೇ ಹೋಗಿ ಗುದ್ದಿದವರು ನಡುವೆ ಸಾಗುವವರಲ್ಲಿ ಶೇ. 38ರಷ್ಟು, ಉಳಿದವರಲ್ಲಿ ಶೇ. 16ರಷ್ಟು. ಅಂದರೆ ಹಿಂದಿನಿಂದ ಬರುವ ಅಪಾಯ ಕಡಿಮೆಯಾಗುತ್ತದೆ, ಮುಂದಿರುವ ಅಪಾಯ ಹೆಚ್ಚುತ್ತದೆ. ಒಂದು ವ್ಯತ್ಯಾಸ ಮಾತ್ರ ಗಮನಿಸಬೇಕಾದ್ದು: ಮುಂದಿನ ಅಪಾಯದ ಪ್ರಮಾಣ ಬಹುಮಟ್ಟಿಗೆ ಸವಾರನ ಬಲಗೈಯಲ್ಲಿದೆ.

ಹಿಂದಿನಿಂದ ಗುದ್ದಿಸಿಕೊಳ್ಳುವ ನಿಮ್ಮ ಭಯ ಸುಳ್ಳಲ್ಲ. ಕಾರಿಗೆ ಹಿಂದಿನಿಂದ ತಾಗಿದರೆ ಬಂಪರ್ ಹೋಗುತ್ತದೆ. ಅದೇ ಬೈಕ್‌ಗಾದರೆ ಸವಾರ ಎರಡು ಲೋಹದ ಗೋಡೆಗಳ ನಡುವೆ ಸಿಕ್ಕಿಕೊಳ್ಳುತ್ತಾನೆ. ಮೊಬೈಲ್ ನೋಡುತ್ತಾ ಓಡಿಸುವವರು ಹೆಚ್ಚಿದ ಈ ಕಾಲದಲ್ಲಿ ಆ ಭಯ ಇಲ್ಲದ ಸವಾರನೇ ಇರಲಿಕ್ಕಿಲ್ಲ. ಆದರೆ ಅಳತೆ ತಪ್ಪಬಾರದು. ಅಮೆರಿಕದಲ್ಲಿ ಬೈಕ್ ಮತ್ತು ಇನ್ನೊಂದು ವಾಹನ ಸೇರಿ ಸಾವು ಸಂಭವಿಸಿದ ಅಪಘಾತಗಳನ್ನು ನೋಡಿದರೆ, ನಾಲ್ಕರಲ್ಲಿ ಸುಮಾರು ಮೂರರಲ್ಲಿ ಬೈಕ್‌ನ ಮುಂಭಾಗಕ್ಕೆ ಪೆಟ್ಟು ಬಿದ್ದಿರುತ್ತದೆ. ಹಿಂದಿನಿಂದ ಬಿದ್ದ ಪೆಟ್ಟು ಹತ್ತರಲ್ಲಿ ಒಂದಕ್ಕೂ ಕಡಿಮೆ. ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುವ ಅಮೆರಿಕದಲ್ಲಿ, ಎದುರಿನಿಂದ ಬಂದು ನಿಮ್ಮ ದಾರಿಗೆ ಅಡ್ಡಲಾಗಿ ಎಡಕ್ಕೆ ತಿರುಗುವ ಕಾರು ಹಿಂದಿನಿಂದ ಬರುವ ಟ್ರಕ್‌ಗಿಂತ ನಿಮಗೆ ದೊಡ್ಡ ಶತ್ರು.

ಇನ್ನೊಂದು ಹಳೆಯ ಹೆಸರನ್ನೂ ಈ ಚರ್ಚೆಯಲ್ಲಿ ಪದೇ ಪದೇ ಎಳೆದು ತರುತ್ತಾರೆ: ಹರ್ಟ್ ವರದಿ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಲಾಸ್ ಏಂಜಲೀಸ್ ಪ್ರದೇಶದ 900 ಬೈಕ್ ಅಪಘಾತಗಳನ್ನು ಸ್ಥಳದಲ್ಲೇ ತನಿಖೆ ಮಾಡಿ, 3,600 ಪೊಲೀಸ್ ವರದಿಗಳನ್ನು ಪರಿಶೀಲಿಸಿ 1981ರಲ್ಲಿ ಕೊಟ್ಟ ವರದಿ ಅದು. ಸವಾರರ ತರಬೇತಿಯ ಅಡಿಪಾಯವೇ ಅದರಲ್ಲಿದೆ, ನಾನು ಈಗಲೂ ಅದನ್ನು ಪಾಠಕ್ಕೆ ಬಳಸುತ್ತೇನೆ. ಬೇರೆ ವಾಹನ ಸೇರಿದ ಅಪಘಾತಗಳಲ್ಲಿ ಮೂರನೇ ಎರಡು ಪಾಲು ಆ ವಾಹನದ ಚಾಲಕ ಬೈಕ್‌ಗೆ ದಾರಿ ಬಿಡದ್ದರಿಂದ ಆದದ್ದು, ತಪ್ಪಿಸಿಕೊಳ್ಳಲು ಸವಾರನಿಗೆ ಸಾಮಾನ್ಯವಾಗಿ ಎರಡು ಸೆಕೆಂಡಿಗೂ ಕಡಿಮೆ ಸಮಯ ಸಿಕ್ಕಿತ್ತು ಎಂದು ಅದು ತೋರಿಸಿಕೊಟ್ಟಿತು. ಆದರೆ "ಸಾಲುಗಳ ನಡುವೆ ಸಾಗುವುದು ಸುರಕ್ಷಿತ" ಎಂಬ ತೀರ್ಮಾನ ಅದರ ನಿರ್ಣಯಗಳ ಪಟ್ಟಿಯಲ್ಲಿ ಎಲ್ಲೂ ಇಲ್ಲ.

ಎದುರು ಪಕ್ಷಕ್ಕೂ ಒಂದು ಬಲವಾದ ಸಾಕ್ಷ್ಯವಿದೆ, ಅದನ್ನೂ ನಿಮ್ಮ ಮುಂದೆ ಇಡಬೇಕು. ಫ್ರಾನ್ಸ್ 2016ರ ಫೆಬ್ರುವರಿಯಲ್ಲಿ ಪ್ಯಾರಿಸ್ ಸುತ್ತಲಿನ ಪ್ರದೇಶ ಸೇರಿ 11 ಜಿಲ್ಲೆಗಳಲ್ಲಿ ಇದನ್ನು ಪ್ರಯೋಗವಾಗಿ ಅನುಮತಿಸಿತು. 2021ರಲ್ಲಿ ಲೆಕ್ಕ ಹಾಕಿದಾಗ, ಪ್ರಯೋಗ ನಡೆದ ರಸ್ತೆಗಳಲ್ಲಿ ಬೈಕ್ ಅಪಘಾತಗಳು ಶೇ. 12ರಷ್ಟು ಹೆಚ್ಚಿದ್ದವು, ಅವೇ ಜಿಲ್ಲೆಗಳ ಉಳಿದ ರಸ್ತೆಗಳಲ್ಲಿ ಶೇ. 10ರಷ್ಟು ಇಳಿದಿದ್ದವು. ಸರ್ಕಾರ ಅನುಮತಿಯನ್ನು ಹಿಂತೆಗೆದುಕೊಂಡಿತು. ಸವಾರರು ಬೀದಿಗಿಳಿದರು, ಅದೇ ವರ್ಷ ಇನ್ನಷ್ಟು ಜಿಲ್ಲೆಗಳಲ್ಲಿ ಹೊಸ ಪ್ರಯೋಗ ಆರಂಭವಾಯಿತು, ಕಡೆಗೆ 2025ರ ಜನವರಿಯಲ್ಲಿ ಗಂಟೆಗೆ 50 ಕಿಲೋಮೀಟರ್ ಮಿತಿಯೊಂದಿಗೆ ಅದು ಕಾಯಂ ಆಯಿತು. ಆ ಶೇ. 12ರ ಹೆಚ್ಚಳವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಅದು ವೇಗದ ರಸ್ತೆಗಳ ಅನುಭವ, ನಗರದ ಸಿಗ್ನಲ್‌ನದ್ದಲ್ಲ ಎಂಬುದನ್ನೂ ಮರೆಯುವುದಿಲ್ಲ.

ಹಾಗಾದರೆ ಅಪಾಯ ನಿಜವಾಗಿ ಎಲ್ಲಿದೆ? ಅಪಘಾತದ ವರದಿಗಳನ್ನು ಓದುತ್ತಾ ಹೋದಂತೆ ನನಗೆ ಸ್ಪಷ್ಟವಾದದ್ದು ಎರಡು ವಿಷಯ: ಸವಾರನಿಗೂ ಸುತ್ತಲಿನ ವಾಹನಗಳಿಗೂ ಇರುವ ವೇಗದ ಅಂತರ, ಮತ್ತು ಸುತ್ತಲಿನ ಚಾಲಕರ ನಿರೀಕ್ಷೆ.

ವೇಗದ ಅಂತರವನ್ನು ತೆಗೆದುಕೊಳ್ಳಿ. ಕಾರುಗಳಿಗಿಂತ ಗಂಟೆಗೆ 15 ಮೈಲಿ ವೇಗವಾಗಿ ಸಾಗುತ್ತಿದ್ದರೆ ಸೆಕೆಂಡಿಗೆ 22 ಅಡಿಯಂತೆ ಅವುಗಳನ್ನು ದಾಟುತ್ತಿರುತ್ತೀರಿ. ಕಣ್ಣಿಗೆ ಬಿದ್ದದ್ದು ಕೈಗೆ ತಲುಪಿ ಬ್ರೇಕ್ ಹಿಡಿಯಲು ಒಂದೂವರೆ ಸೆಕೆಂಡ್ ಎಂದಿಟ್ಟುಕೊಂಡರೆ 33 ಅಡಿ, ಅಂದರೆ ಎರಡು ಕಾರುಗಳ ಉದ್ದ, ಏನೂ ಮಾಡದೆಯೇ ಕಳೆದುಹೋಗುತ್ತದೆ. ಎರಡು ಕಾರುಗಳಷ್ಟು ಮುಂದಿನವರೆಗೆ ಚಕ್ರಗಳನ್ನು, ಚಾಲಕನ ತಲೆಯನ್ನು, ಇಂಡಿಕೇಟರ್ ಅನ್ನು ಗಮನಿಸುತ್ತಾ ಹೋಗುವುದು ಮನುಷ್ಯಸಾಧ್ಯ. ಅಂತರ 30 ಮೈಲಿಯಾದರೆ ನಾಲ್ಕು ಕಾರುಗಳಷ್ಟು ದೂರ ಹೀಗೆ ಕಳೆಯುತ್ತದೆ, ಗುದ್ದಿದರೆ ಪೆಟ್ಟಿನ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಬರ್ಕ್ಲಿ ಅಧ್ಯಯನವೂ ಇದನ್ನೇ ಕಂಡುಕೊಂಡಿತು: ಅಂತರ 15 ಮೈಲಿಯೊಳಗಿದ್ದಾಗ ಪೆಟ್ಟಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ಏರಿಕೆ ಇರಲಿಲ್ಲ, ಅದನ್ನು ದಾಟಿದ ಮೇಲೆ ಎಲ್ಲ ಬಗೆಯ ಪೆಟ್ಟುಗಳೂ ಹೆಚ್ಚಿದವು. ಕಾನೂನುಗಳಲ್ಲಿ ಮತ್ತೆ ಮತ್ತೆ ಕಾಣುವ 15 ಎಂಬ ಅಂಕಿಗೆ ಇಂಥ ಆಧಾರವಿದೆ.

ವಾಹನಗಳು ಪೂರ್ತಿ ನಿಂತಿರುವಾಗ ಇನ್ನೊಂದು ಅನುಕೂಲವಿದೆ. ಬಂಪರ್‌ಗೆ ಬಂಪರ್ ತಾಗುವಂತೆ ನಿಂತ ಕಾರಿಗೆ ಪಕ್ಕಕ್ಕೆ ಹೊರಳಲು ಜಾಗವೇ ಇರುವುದಿಲ್ಲ. ಸಾಲು ಚಲಿಸತೊಡಗಿ, ಒಂದು ಪಥ ಓಡಿ ಇನ್ನೊಂದು ತೆವಳತೊಡಗಿದಾಗ ಅಪಾಯ ಶುರುವಾಗುತ್ತದೆ. ತೆವಳುವ ಪಥದಲ್ಲಿರುವ ಎಲ್ಲರ ಕಣ್ಣೂ ಪಕ್ಕದ ಪಥದಲ್ಲಿ ತೆರೆದುಕೊಳ್ಳುವ ಖಾಲಿ ಜಾಗದ ಮೇಲಿರುತ್ತದೆ. ಆ ಜಾಗ ಕಂಡ ಕೂಡಲೇ ತಾಳ್ಮೆ ಕಳೆದುಕೊಂಡವನು ಇಂಡಿಕೇಟರ್ ಹಾಕದೆ ಹೊರಳುತ್ತಾನೆ. ನೀವು ಸಾಗುತ್ತಿರುವ ಜಾಗವನ್ನು ಅವನು ಒಂದು ಸೆಕೆಂಡಿನಲ್ಲಿ ಮುಚ್ಚಿಬಿಡಬಲ್ಲ. ಹೊಸ ಸವಾರರಿಗೆ ನಾನು ಹೇಳುವುದು: ಕಾರನ್ನಲ್ಲ, ಕಾರಿನ ಪಕ್ಕದ ಖಾಲಿ ಜಾಗವನ್ನು ನೋಡಿ. ಜಾಗ ಕಂಡರೆ ಅದನ್ನು ತುಂಬಲು ಯಾರೋ ಬರುತ್ತಾರೆಂದೇ ತಿಳಿಯಿರಿ.

ನಿರ್ಗಮನ ರ‍್ಯಾಂಪ್‌ಗಳ ಬಳಿ ಈ ಹೊರಳಾಟ ಇನ್ನೂ ಹೆಚ್ಚು. ನಗರದ ರಸ್ತೆಯಲ್ಲಾದರೆ ಬೇರೆಯದೇ ಬಲೆ ಇದೆ: ಸಾಲಿನಲ್ಲಿ ನಿಂತ ಒಬ್ಬ ಚಾಲಕ ಸೌಜನ್ಯಕ್ಕೆಂದು ಎದುರಿನಿಂದ ಎಡಕ್ಕೆ ತಿರುಗುವವನಿಗೆ ದಾರಿ ಬಿಡುತ್ತಾನೆ. ತಿರುಗುವವನಿಗೆ ಕಾಣುವುದು ನಿಂತ ಕಾರುಗಳು ಮಾತ್ರ. ಅವುಗಳ ಮರೆಯಿಂದ ಬರುತ್ತಿರುವ ನೀವು ಕಾಣುವುದಿಲ್ಲ, ನಿಮಗೂ ಅವನು ಕಾಣುವುದಿಲ್ಲ. ಸಾಲಿನಲ್ಲಿ ಕಾರಣವಿಲ್ಲದೆ ಒಂದು ಕಾರಿನಷ್ಟು ಜಾಗ ಖಾಲಿಯಿದ್ದರೆ ಬೈಕ್ ನಿಲ್ಲಿಸಬೇಕು.

ಜಾಗದ ಅಳತೆಯನ್ನೂ ಹೇಳಿಬಿಡುತ್ತೇನೆ. ಅಮೆರಿಕದ ಅಂತರರಾಜ್ಯ ಹೆದ್ದಾರಿಯ ಪಥದ ಅಗಲ 12 ಅಡಿ. ಆರು ಅಡಿ ಅಗಲದ ಎರಡು ಕಾರುಗಳು ತಮ್ಮ ತಮ್ಮ ಪಥದ ನಡುವೆ ಇದ್ದರೆ ಅವುಗಳ ಮಧ್ಯೆ ಆರು ಅಡಿ ಉಳಿಯುತ್ತದೆ. ಕನ್ನಡಿಗಳನ್ನು ಕಳೆದರೆ ನಾಲ್ಕೂವರೆ. ಮೂರು ಅಡಿ ಅಗಲದ ಹ್ಯಾಂಡಲ್‌ಗೆ ಸಾಕು. ಎರಡೂ ಕಡೆ ಎಂಟೂವರೆ ಅಡಿ ಅಗಲದ ಟ್ರಕ್‌ಗಳಿದ್ದರೆ ಕನ್ನಡಿಗಳನ್ನು ಬಿಟ್ಟರೂ ಮೂರೂವರೆ ಅಡಿ ಮಾತ್ರ. ದೊಡ್ಡ ವಾಹನಗಳ ನಡುವೆ ಎಂದಿಗೂ ಹೋಗಬಾರದು ಎಂಬ ಸೂಚನೆಯ ಹಿಂದಿರುವುದು ಈ ಸರಳ ವ್ಯವಕಲನ. ಬೈಕ್‌ನ ಪಕ್ಕಕ್ಕೆ ಸಾಮಾನಿನ ಪೆಟ್ಟಿಗೆಗಳನ್ನು ಕಟ್ಟಿದವರು ಅವುಗಳ ಅಗಲವನ್ನೂ ಸೇರಿಸಿ ಅಳೆಯಬೇಕು. ಹ್ಯಾಂಡಲ್ ತೂರಿದಲ್ಲೆಲ್ಲ ಪೆಟ್ಟಿಗೆ ತೂರುವುದಿಲ್ಲ.

ಎರಡನೆಯದು ನಿರೀಕ್ಷೆ. ಆರಂಭದಲ್ಲಿ ಹೇಳಿದ, ನಿಮ್ಮನ್ನು ಕಾಪಾಡುತ್ತಿದ್ದ ಸಂಗತಿ ಇದೇ. ಕ್ಯಾಲಿಫೋರ್ನಿಯಾದ ಚಾಲಕ ಟ್ರಾಫಿಕ್‌ನಲ್ಲಿ ನಿಂತಾಗ ಬೈಕ್ ಬರಬಹುದೆಂದು ಊಹಿಸಿರುತ್ತಾನೆ. ಪಥ ಬದಲಿಸುವ ಮುಂಚೆ ಸಾಲುಗಳ ನಡುವೆ ಕಣ್ಣು ಹಾಯಿಸುವುದು ಹಲವರಿಗೆ ರೂಢಿಯಾಗಿದೆ. ಎಡತುದಿಯ ಪಥದಲ್ಲಿರುವ ಎಷ್ಟೋ ಮಂದಿ ಬೈಕ್ ಕಂಡ ಕೂಡಲೇ ಎಡಕ್ಕೆ ಸರಿದು ಜಾಗ ಕೊಡುತ್ತಾರೆ. ಸವಾರರೂ ಬೇಕಾದಲ್ಲೆಲ್ಲ ನುಗ್ಗದೆ ಎಡಭಾಗದ ಕೊನೆಯ ಎರಡು ಪಥಗಳ ನಡುವೆಯೇ ಸಾಗುವುದರಿಂದ ಅವರು ಎಲ್ಲಿ ಕಾಣಿಸಿಕೊಳ್ಳುತ್ತಾರೆಂದು ಚಾಲಕರಿಗೆ ಗೊತ್ತಿರುತ್ತದೆ. ಈ ಪರಸ್ಪರ ಅರಿವು ಬೆಳೆಯಲು ದಶಕಗಳು ಹಿಡಿದವು. ಆಸ್ಟಿನ್‌ನ ಚಾಲಕ ಕನ್ನಡಿಯಲ್ಲಿ ಹುಡುಕುವುದು ಕಾರಿನ ಗಾತ್ರದ ವಸ್ತುವನ್ನು, ಅದೂ ಪಥದ ಒಳಗೆ. ಗೆರೆಯ ಮೇಲೆ ಬರುತ್ತಿರುವ ನೀವು ಅವನ ಕಣ್ಣಿಗೆ ಬಿದ್ದರೂ ಅವನ ಗಮನಕ್ಕೆ ಬರುವುದಿಲ್ಲ. ನಿಮ್ಮ ಕೈಚಳಕ ಸ್ಯಾನ್ ಹೋಸೆಯಲ್ಲಿದ್ದಷ್ಟೇ ಇದೆ. ಅದಕ್ಕೆ ಜೊತೆಯಾಗಿದ್ದ ಸಾವಿರಾರು ಚಾಲಕರ ಅಭ್ಯಾಸ ಇಲ್ಲಿಲ್ಲ.

ಟೆಕ್ಸಾಸ್‌ನಲ್ಲಿ ಹಣದ ಅಪಾಯವೂ ಇದೆ, ಅದು ದಂಡದ ಮೊತ್ತದಲ್ಲಿ ಮುಗಿಯುವುದಿಲ್ಲ. ಅಪಘಾತದ ಹೊಣೆಯಲ್ಲಿ ನಿಮ್ಮ ಪಾಲು ಶೇ. 50 ಮೀರಿತೆಂದು ತೀರ್ಮಾನವಾದರೆ ಅಲ್ಲಿ ನಿಮಗೆ ಒಂದು ಡಾಲರ್ ಪರಿಹಾರವೂ ಸಿಗುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಾದರೆ ನಿಮ್ಮ ತಪ್ಪಿನ ಪಾಲನ್ನು ಕಳೆದು ಉಳಿದದ್ದು ಸಿಗುತ್ತದೆ. ನಿಷಿದ್ಧ ಜಾಗದಲ್ಲಿ ಬೈಕ್ ಇತ್ತೆಂಬುದು ದಾಖಲಾದ ಮೇಲೆ, ಇಂಡಿಕೇಟರ್ ಹಾಕದೆ ಹೊರಳಿದವನ ತಪ್ಪನ್ನು ಸಾಬೀತುಪಡಿಸುವುದು ನಿಮ್ಮ ವಕೀಲರಿಗೆ ಬಹಳ ಕಷ್ಟವಾಗುತ್ತದೆ. ಪೊಲೀಸರು ನೋಡಿಯೂ ಸುಮ್ಮನಿರಬಹುದು. ವಿಮಾ ಕಂಪನಿ ಸುಮ್ಮನಿರುವುದಿಲ್ಲ.

ಸರದಿ ತಪ್ಪಿಸುತ್ತೀರಿ ಎಂಬ ಸಹೋದ್ಯೋಗಿಗಳ ಸಿಟ್ಟಿನ ಬಗ್ಗೆ ಒಂದು ಮಾತು. ಸಾಲಿನಿಂದ ಹೊರಬಂದ ಬೈಕ್ ಯಾರನ್ನೂ ಹಿಂದಕ್ಕೆ ತಳ್ಳುವುದಿಲ್ಲ. ತಾನು ನಿಂತಿದ್ದ ಜಾಗವನ್ನು ಬಿಟ್ಟುಕೊಡುತ್ತದೆ. ಆದರೆ ಕಿವಿಯ ಪಕ್ಕದಲ್ಲೇ ಇದ್ದಕ್ಕಿದ್ದಂತೆ ಸದ್ದಾಗಿ ಬೆಚ್ಚಿಬೀಳುವ ಅನುಭವ, ಕನ್ನಡಿಗೆ ತಾಗಿಸಿ ನಿಲ್ಲದೆ ಹೋದವನ ನೆನಪು, ಅವು ನಿಜವಾದ ದೂರುಗಳೇ. ಕಾನೂನು ಬೇಕೆನ್ನುವ ಸವಾರರು ಆ ದೂರನ್ನು ಗೌರವದಿಂದ ಕೇಳಿಸಿಕೊಳ್ಳಬೇಕು. ಹಾಗೆಯೇ, ಇದರಿಂದ ಎಲ್ಲರ ಟ್ರಾಫಿಕ್ ಕರಗಿಹೋಗುತ್ತದೆ ಎಂಬ ಭರವಸೆಯನ್ನೂ ಅಳೆದು ಕೊಡಬೇಕು. ಬೆಲ್ಜಿಯಂನ ಲೂವೆನ್–ಬ್ರಸೆಲ್ಸ್ ಹೆದ್ದಾರಿಯ ಮೇಲೆ 2011ರಲ್ಲಿ ಮಾಡಿದ ಲೆಕ್ಕಾಚಾರವೊಂದು ಶೇ. 10ರಷ್ಟು ಕಾರಿನವರು ಬೈಕ್‌ಗೆ ಬದಲಾದರೆ ಟ್ರಾಫಿಕ್‌ನಲ್ಲಿ ಪೋಲಾಗುವ ಸಮಯ ಶೇ. 40ರಷ್ಟು ಇಳಿಯುತ್ತದೆ ಎಂದಿತು. ಅಮೆರಿಕದ ರಸ್ತೆಗಳಲ್ಲಿ ವಾಹನಗಳು ಓಡುವ ಒಟ್ಟು ಮೈಲಿಗಳಲ್ಲಿ ಬೈಕ್‌ಗಳ ಪಾಲು ಶೇ. 1ಕ್ಕೂ ಕಡಿಮೆ. ಆ ಪಾಲು ಹತ್ತಕ್ಕೇರುವುದು ಸದ್ಯಕ್ಕೆ ಕಾಣುವ ಮಾತಲ್ಲ.

ಇನ್ನು ಐ-35ರ ಮೇಲೆ ನೀವು ಏನು ಮಾಡಬೇಕು ಎಂಬುದು. ಮುಂದಿನ ವಾಹನದ ಹಿಂದೆ ನೇರ ಮಧ್ಯದಲ್ಲಿ ನಿಲ್ಲಬೇಡಿ. ಅದರ ಎಡ ಅಥವಾ ಬಲ ಚಕ್ರದ ಜಾಡಿನಲ್ಲಿ, ಒಂದೂವರೆ ಕಾರಿನಷ್ಟು ಅಂತರ ಬಿಟ್ಟು, ಬೈಕ್‌ನ ಮೂತಿ ಪಕ್ಕದ ಖಾಲಿ ಜಾಗದ ಕಡೆಗಿರುವಂತೆ ನಿಲ್ಲಿ. ಮೊದಲ ಗೇರ್‌ನಲ್ಲಿರಿ, ಕ್ಲಚ್ ಹಿಡಿದಿರಿ. ಹಿಂದೆ ಕನಿಷ್ಠ ಎರಡು ವಾಹನಗಳು ಬಂದು ನಿಲ್ಲುವವರೆಗೆ ಕನ್ನಡಿಯಿಂದ ಕಣ್ಣು ತೆಗೆಯಬೇಡಿ. ಅಷ್ಟು ಹೊತ್ತು ಬ್ರೇಕ್ ಅನ್ನು ಮೆಲ್ಲಗೆ ಒತ್ತಿ ಬಿಡುತ್ತಾ ಕೆಂಪು ದೀಪ ಮಿನುಗುವಂತೆ ಮಾಡಿ. ಹಿಂದಿನಿಂದ ಬರುವವನು ನಿಲ್ಲುವ ಲಕ್ಷಣ ಕಾಣದಿದ್ದರೆ ಆ ಪಕ್ಕದ ಜಾಗಕ್ಕೆ ನುಗ್ಗಿ, ಪ್ರಾಣ ಉಳಿಸಿಕೊಳ್ಳಲು. ತಪ್ಪಿಸಿಕೊಂಡ ಮೇಲೆ ಮತ್ತೆ ಪಥಕ್ಕೆ ಮರಳಿ. ಹಿಂದೆ ವಾಹನಗಳು ನಿಂತು ಸಾಲು ಗಟ್ಟಿಯಾದ ಮೇಲೆ, ಬಹಳ ಹೊತ್ತು ಕದಲುವ ಸೂಚನೆ ಇಲ್ಲದಿದ್ದರೆ, ಎಂಜಿನ್ ಆರಿಸಿ ತಣ್ಣಗಾಗಲು ಬಿಡಬಹುದು. ಅಂಚಿನ ತುರ್ತು ಪಟ್ಟಿಯಲ್ಲಿ ಓಡಿಸುವುದು ಪರಿಹಾರವಲ್ಲ. ಅದೂ ಕಾನೂನುಬಾಹಿರ, ಗಾಜಿನ ಚೂರು ಮತ್ತು ಟೈರ್‌ನ ತುಂಡುಗಳು ಬಿದ್ದಿರುವುದೂ ಅಲ್ಲೇ.

ಶಾಖ ಗಂಭೀರ ವಿಷಯ. ಆಸ್ಟಿನ್‌ನಲ್ಲಿ ಬೇಸಿಗೆಯ ತಾಪಮಾನ 38 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ, ಟಾರಿನ ಮೇಲೆ, ಎಂಜಿನ್ ಪಕ್ಕದಲ್ಲಿ ಇನ್ನೂ ಹೆಚ್ಚು. ಬಳಲಿದ ಸವಾರನ ತೀರ್ಮಾನಗಳು ನಿಧಾನವಾಗುತ್ತವೆ. ಜಾಲರಿ ಬಟ್ಟೆಯ ಜಾಕೆಟ್, ನೀರಿನಲ್ಲಿ ನೆನೆಸಿ ಒಳಗೆ ತೊಡುವ ಅಂಗಿ ಸಹಾಯ ಮಾಡುತ್ತವೆ. 21 ವರ್ಷ ದಾಟಿ, ತರಬೇತಿ ಮುಗಿಸಿದ ಅಥವಾ ಆರೋಗ್ಯ ವಿಮೆ ಹೊಂದಿದ ಸವಾರರಿಗೆ ಟೆಕ್ಸಾಸ್ ಹೆಲ್ಮೆಟ್‌ನಿಂದ ವಿನಾಯಿತಿ ಕೊಡುತ್ತದೆ. ದಯವಿಟ್ಟು ಆ ವಿನಾಯಿತಿಯನ್ನು ಬಳಸಿಕೊಳ್ಳಬೇಡಿ. ಕೆಲಸದ ಹೊತ್ತನ್ನು ಒಂದು ಗಂಟೆ ಹಿಂದೆ ಮುಂದೆ ಮಾಡಿಕೊಳ್ಳಲು ಕಚೇರಿ ಒಪ್ಪಿದರೆ, ನಾನು ಹೇಳಿದ ಉಳಿದೆಲ್ಲ ಉಪಾಯಗಳಿಗಿಂತ ಅದು ಹೆಚ್ಚು ಪ್ರಯೋಜನಕ್ಕೆ ಬರುತ್ತದೆ. ಒಬ್ಬನೇ ಸವಾರನಿದ್ದರೂ ಹೆಚ್ಚು ಪ್ರಯಾಣಿಕರಿರುವ ವಾಹನಗಳ ಮೀಸಲು ಪಥದಲ್ಲಿ ಬೈಕ್‌ಗೆ ಫೆಡರಲ್ ಕಾನೂನು ಸಾಮಾನ್ಯವಾಗಿ ಅವಕಾಶ ಕೊಡುತ್ತದೆ. ನಿಮ್ಮ ದಾರಿಯಲ್ಲಿ ಅಂಥ ಪಥವಿದ್ದರೆ ಬಳಸಿ.

ಎಲ್ಲ ರಾಜ್ಯಗಳಲ್ಲೂ ಕಾನೂನುಬದ್ಧಗೊಳಿಸಬೇಕೇ ಎಂದು ಕೇಳಿದ್ದೀರಿ. ನಿಂತ ಮತ್ತು ತೆವಳುವ ವಾಹನಗಳ ನಡುವೆ, ವೇಗದ ಮಿತಿಯೊಂದಿಗೆ ಅನುಮತಿಸಬೇಕು ಎಂಬುದು ನನ್ನ ಅಭಿಪ್ರಾಯ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ 2014ರಲ್ಲಿ ಗಂಟೆಗೆ 30 ಕಿಲೋಮೀಟರ್ ಮಿತಿ ಹಾಕಿ, ಕಲಿಯುತ್ತಿರುವ ಸವಾರರನ್ನು ಹೊರಗಿಟ್ಟು ಅನುಮತಿಸಿತು. ಆ ಎರಡು ಷರತ್ತೂ ವಿವೇಕದ್ದು. ಮಿತಿಯಿಲ್ಲದ ಕ್ಯಾಲಿಫೋರ್ನಿಯಾ ಮಾದರಿಯನ್ನು ಹೊಸ ರಾಜ್ಯಕ್ಕೆ ತರಬಾರದು, ಏಕೆಂದರೆ ಅಲ್ಲಿನ ಚಾಲಕರ ಅಭ್ಯಾಸವನ್ನು ಮಸೂದೆಯ ಜೊತೆ ತರಲಾಗದು. ಯೂಟಾ ಮಾದರಿ ನಗರದ ಸಿಗ್ನಲ್‌ಗಳಿಗೆ ಚೆನ್ನಾಗಿ ಹೊಂದುತ್ತದೆ. ಆದರೆ ಅದು ಟೆಕ್ಸಾಸ್‌ಗೆ ಬಂದರೂ ಐ-35ರ ಮೇಲೆ ನಿಮಗೆ ಉಪಯೋಗವಿಲ್ಲ. ಆ ಹೆದ್ದಾರಿಯ ವೇಗಮಿತಿ 45 ಮೈಲಿಗಿಂತ ಹೆಚ್ಚು. ನಿಮ್ಮ ಸಮಸ್ಯೆಗೆ ತಕ್ಕದ್ದು ಮಿನ್ನೆಸೋಟದ ಮಾದರಿ.

ಟೆಕ್ಸಾಸ್ ಶಾಸನಸಭೆಯ ನಿಯತ ಅಧಿವೇಶನ ಬೆಸ ಸಂಖ್ಯೆಯ ವರ್ಷಗಳ ಜನವರಿಯಲ್ಲಿ ಆರಂಭವಾಗಿ 140 ದಿನ ನಡೆಯುತ್ತದೆ. ನಿಮ್ಮ ಪ್ರದೇಶದ ಪ್ರತಿನಿಧಿಗೆ ಅದಕ್ಕೆ ಮುಂಚೆಯೇ ಪತ್ರ ಬರೆಯಿರಿ. ಮಸೂದೆ ಸಮಿತಿಯ ಮುಂದೆ ಬಂದರೆ ಹೋಗಿ ಮಾತನಾಡಿ. ಎರಡೂ ರಾಜ್ಯಗಳಲ್ಲಿ ಓಡಿಸಿದ ನಿಮ್ಮ ಮಾತಿಗೆ ತೂಕವಿರುತ್ತದೆ. ವೇಗದ ಮಿತಿ ಬೇಡವೆಂದು ವಾದಿಸಬೇಡಿ. ಮಿತಿಯೇ ಬೇಕೆಂದು ಕೇಳಿ. ಕಾನೂನು ಜಾರಿಯಾಗುವ ಮುಂಚೆ ಕೆಲವು ತಿಂಗಳು ಹೆದ್ದಾರಿ ಫಲಕಗಳಲ್ಲಿ, ಚಾಲನಾ ಪರೀಕ್ಷೆಯ ಕೈಪಿಡಿಯಲ್ಲಿ ಕಾರಿನವರಿಗೆ ತಿಳಿಸಬೇಕೆಂದು ಕೇಳಿ. ಇನ್ನೊಂದನ್ನು ತಪ್ಪದೆ ಕೇಳಿ: ಪೊಲೀಸರ ಅಪಘಾತ ವರದಿಯ ನಮೂನೆಯಲ್ಲಿ, ಆ ಕ್ಷಣದಲ್ಲಿ ಬೈಕ್ ಸಾಲುಗಳ ನಡುವೆ ಇತ್ತೇ, ಇದ್ದರೆ ಎಷ್ಟು ವೇಗದಲ್ಲಿತ್ತು ಎಂದು ಗುರುತಿಸುವ ಜಾಗ ಇರಬೇಕು. ಬರ್ಕ್ಲಿಯ ಸಂಶೋಧಕರಿಗೆ ಆ ಉತ್ತರಗಳು ಸಿಕ್ಕಿದ್ದು ಕ್ಯಾಲಿಫೋರ್ನಿಯಾದ ಪೊಲೀಸರು ಹೆಚ್ಚುವರಿ ವಿವರಗಳನ್ನು ತುಂಬಿಕೊಟ್ಟದ್ದರಿಂದ. ಜೊತೆಗೆ, ಎಷ್ಟು ಸವಾರರು ಎಷ್ಟು ದೂರ ಹೀಗೆ ಓಡಿಸುತ್ತಾರೆಂಬ ಸಮೀಕ್ಷೆಯೂ ನಡೆದರೆ, ಅಪಘಾತದ ಸಂಭವ ನಿಜಕ್ಕೂ ಹೆಚ್ಚುತ್ತದೆಯೇ ಎಂಬ ಪ್ರಶ್ನೆಗೆ ಟೆಕ್ಸಾಸ್ ತನ್ನದೇ ರಸ್ತೆಗಳಿಂದ ಉತ್ತರ ಪಡೆಯಬಹುದು.